ಇಲ್ಲದ ಸದ್ದು

ಟೀಚರ ಗಾಡಿ ಗೇಟಿನೊಳಗೆ ಮೂತಿ ತೂರಿಸಿದ್ದನ್ನು ಕಂಡ ಕೂಡಲೇ, ಹಿಂದಿನ ಬಾಗಿಲಿನಿಂದ ಜಾರಿಕೊಂಡು ಬಿಡಿಭಾಗದ ಅಂಗಡಿಗೆ ಹೋಗಿಬಿಡಬೇಕು ಎಂದು ಗ್ಯಾರೇಜಿನ ಮೇಸ್ತ್ರಿಗೆ ಅನ್ನಿಸಿತು. ಅಲ್ಲಿ ಅವನಿಗೆ ಬೇಕಾದದ್ದು ಏನೂ ಇರಲಿಲ್ಲ. ಆದರೆ ತನ್ನದೇ ಶೆಡ್ಡಿನಲ್ಲಿ, ತಾನೇ ನಿಂತು ಹೊದಿಸಿದ ತಗಡಿನ ಕೆಳಗೆ, ರಿಟೈರಾದ ಒಬ್ಬ ಹೆಂಗಸಿಗೆ ಹೆದರಿ ಓಡುವುದೆಂದರೇನು ಎಂದು ಕಾಲು ಏಳಲಿಲ್ಲ. ಒರೆಸುವುದಕ್ಕೆ ಏನೂ ಇಲ್ಲದಿದ್ದರೂ ಎಣ್ಣೆ ಬಟ್ಟೆಯನ್ನು ಬೆರಳ ಸಂದಿಗಳಲ್ಲಿ ಆಡಿಸುತ್ತ ನಿಂತ. ಬೆಳಿಗ್ಗೆಯಿಂದಲೇ ದಿನ ಸರಿಯಾಗಿರಲಿಲ್ಲ. ಒಲೆಯ ಮುಂದೆಯೇ ಕೂತು ಪೇಪರು ಓದುತ್ತಿದ್ದಾಗ ಕುಕ್ಕರು ಕೂಗಿ ಕೂಗಿ, ನೀರು ಇಂಗಿ, ಆಲೂಗಡ್ಡೆ ತಳ ಹಿಡಿದು, ಸ್ನಾನದ ಮನೆಯಿಂದ ಹೆಂಡತಿ ಒದ್ದೆ ಕೂದಲಲ್ಲೇ ಓಡಿ ಬಂದಿದ್ದಳು. ಅವಳು ಬೈಯಲಿಲ್ಲ. ಬೈದಿದ್ದರೆ ತಾನೂ ತಿರುಗಿ ಬೈದು ಹಗುರಾಗಬಹುದಿತ್ತು. ಒಲೆ ಆರಿಸಿ, ಅವನ ಮುಖ ನೋಡಿ, “ಹೋಗ್ಲಿ ಬಿಡಿ” ಎಂದಿದ್ದಳು. ಆ ‘ಹೋಗ್ಲಿ ಬಿಡಿ’ ಹಲ್ಲಿನ ಸಂದಿಯ ನಾರಿನಂತೆ ಇಷ್ಟು ಹೊತ್ತೂ ಅವನನ್ನು ಕಾಡುತ್ತಿತ್ತು. ಪೇಪರಿನಲ್ಲಿ ಮುಳುಗಿದವನಿಗೆ ಕುಕ್ಕರು ಕೇಳಿಸದಿದ್ದರೆ ಅದೇನು ಮಹಾ? ಯಾರಿಗಾದರೂ ಆಗುವಂಥದ್ದೇ.

ಗಾಡಿ ಬಂದು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಂತಿತು. ಹಳೆಯ ಸಣ್ಣ ಗಾಡಿ. ಬಣ್ಣ ಮಾಸಿದ್ದರೂ ಒಳಗೆ ಒಂದು ಕಣ ಧೂಳಿಲ್ಲ. ಇಂಥ ಗಾಡಿಗಳವರೇ ತಲೆ ತಿನ್ನುವವರು ಎಂಬುದು ಅವನ ಬಹುದಿನದ ಅನುಭವ. ಟ್ಯಾಕ್ಸಿಯವರು ಚಕ್ರ ಕಳಚಿ ಬೀಳುವವರೆಗೆ ಇತ್ತ ತಲೆ ಹಾಕುವುದಿಲ್ಲ. ಇವರು ಸೀಟಿನ ಕೆಳಗೆ ಒಂದು ಗುಂಡಿ ಉರುಳಿದರೂ ಎಂಜಿನ್ ಹೋಯಿತೆಂದು ಬರುತ್ತಾರೆ. ಟೀಚರು ಎಂಜಿನ್ ಆರಿಸದೆ, ಕನ್ನಡಕದ ದಾರವನ್ನು ಸರಿಮಾಡಿಕೊಳ್ಳುತ್ತ ಕೆಳಗಿಳಿದರು. ಎಷ್ಟೋ ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವರು. ಈಗಲೂ ಎದುರು ನಿಂತವರೆಲ್ಲ ಹೋಂವರ್ಕ್ ಮಾಡದೆ ಬಂದವರೇ ಎಂಬಂತೆ ನೋಡುತ್ತಿದ್ದರು.

“ಇಲ್ಲಿಗೆ ಬಂದ್ರೆ ಸದ್ದು ಅಡಗಿ ಕೂತ್ಕೊಳ್ಳುತ್ತೆ ಅಂತಿದ್ರಲ್ಲ, ಇವತ್ತು ಅಡಗಿಲ್ಲ,” ಎಂದರು. “ಕೇಳಿ.”

ಮೇಸ್ತ್ರಿ ಬಾನೆಟ್ ಎತ್ತಿ ತಲೆ ವಾಲಿಸಿ, ಕಣ್ಣು ಅರ್ಧ ಮುಚ್ಚಿದ. ಈ ಭಂಗಿಗೇ ರಸ್ತೆಯ ಜನ ಅವನಿಗೆ ‘ಕಿವಿ ಮೇಸ್ತ್ರಿ’ ಎಂದು ಹೆಸರಿಟ್ಟಿದ್ದರು. ಬೇರೆ ಗ್ಯಾರೇಜಿನವರು ಬಿಚ್ಚಿ ನೋಡಿ ಹೇಳುವುದನ್ನು ಇವನು ಗೇಟಿನಲ್ಲೇ ನಿಂತು ಹೇಳುತ್ತಾನೆ, ಗಾಡಿ ಬೀದಿ ತಿರುಗುವ ಮೊದಲೇ ಅದರ ರೋಗ ಹಿಡಿಯುತ್ತಾನೆ ಎಂಬುದು ಆ ಹೆಸರಿನ ಹಿಂದಿನ ಮಾತು. ಎಂಜಿನ್ ಗುರುಗುಟ್ಟುತ್ತಿತ್ತು. ಹೊಟ್ಟೆ ತುಂಬಿದ ಪ್ರಾಣಿ ನಿದ್ದೆಯಲ್ಲಿ ಉಸಿರಾಡುವ ಹಾಗೆ, ದಪ್ಪಗೆ, ಸಮನಾಗಿ. ಅದರ ಮೇಲೆ ಏನೂ ಇಲ್ಲ. ಒಂದು ಎಳೆಯೂ ಇಲ್ಲ.

“ಎಂಥ ಸದ್ದು ಟೀಚರ್? ಬಾಯಲ್ಲಿ ಮಾಡಿ ತೋರ್ಸಿ.”

“ಚಿರ್ರ್ ಅಂತ ಎಳೆಯುತ್ತೆ. ಕಿರಕಿರ ಅಲ್ಲ. ಕಿರಕಿರ ಅಂದ್ರೆ ಬಿಟ್ಟು ಬಿಟ್ಟು ಬರಬೇಕು. ಇದು ಬಿಡೋದಿಲ್ಲ. ಚೀರೋದಕ್ಕೂ ಉಜ್ಜೋದಕ್ಕೂ ನಡುವೆ.”

“ಹೋದ್ಸಲ ಕಿಚಕಿಚ ಅಂದಿದ್ರಿ.”

“ಹೋದ ಸಲ ಕಿಚಕಿಚ ಅಂತಲೇ ಇತ್ತು. ಈಗ ಬೆಳೆದಿದೆ.”

ಸದ್ದು ಬೆಳೆಯುವುದಂತೆ, ತೊಟ್ಟಿಲಲ್ಲಿಟ್ಟು ತೂಗಿದ ಹಾಗೆ. ಗಡಗಡ, ಕಟಕಟ, ಲೊಟಲೊಟ, ಗುಂಯ್ಯ್ — ಜನ ಬಂದು ಅವನೆದುರು ಎಂತೆಂಥ ಸದ್ದು ಮಾಡಿಲ್ಲ. ಸೂಟು ಹಾಕಿದ ಒಬ್ಬ ಅಧಿಕಾರಿ ಕೆಮ್ಮಿ ಕೆಮ್ಮಿ ತೋರಿಸಿದ್ದ. ಒಬ್ಬ ಹೆಂಗಸು ಕೋಳಿಯ ಹಾಗೆ ಕೊಕ್ಕರಿಸಿದ್ದಳು. ಶೆಡ್ಡಿಗೆ ಶೆಡ್ಡೇ ಮುಖ ತಿರುಗಿಸಿಕೊಂಡು ನಗುವುದು, ಅವನು ಗಂಭೀರವಾಗಿ ತಲೆಯಾಡಿಸಿ ಸರಿಯಾದ ಜಾಗಕ್ಕೆ ಕೈ ಹಾಕುವುದು, ಇದು ಇಷ್ಟು ವರ್ಷ ನಡೆದುಬಂದ ಆಟ. ಈ ಟೀಚರೊಬ್ಬರು ಆಟ ಕೆಡಿಸುವುದಕ್ಕೆಂದೇ ಹುಟ್ಟಿದವರು. ಮೊದಲ ಸಲ ಬಂದಾಗ ಬೆಲ್ಟು ಬಿಗಿ ಮಾಡಿ ಕಳಿಸಿದ್ದ. ಮತ್ತೆ ಬಂದಾಗ ಎಲ್ಲ ನೋಡಿದಂತೆ ಮಾಡಿ, ಸುತ್ತಲೂ ಕೆಲಸದವರು ಕೇಳುವ ಹಾಗೆ, “ಸದ್ದು ಗಾಡೀಲಿಲ್ಲ ಟೀಚರ್. ಮನೇಲಿ ಮಾತಾಡೋರು ಕಮ್ಮಿಯಾದ್ರೆ ಇಂಥವೆಲ್ಲ ಕೇಳ್ಸುತ್ತೆ” ಎಂದಿದ್ದ. ಶೆಡ್ಡು ನಕ್ಕಿತ್ತು. ಚಕ್ರದ ಗೂಡಿನೊಳಗೆ ತಲೆ ಹಾಕಿದ್ದ ಅವನ ತಮ್ಮ ಮಾತ್ರ ತಲೆ ಹೊರಗೆ ತೆಗೆದಿರಲಿಲ್ಲ. ಟೀಚರು ದಾರದಲ್ಲಿ ತೂಗುತ್ತಿದ್ದ ಕನ್ನಡಕವನ್ನು ಮೂಗಿಗೇರಿಸಿಕೊಂಡು, ಗಾಡಿಯನ್ನು ಬಹಳ ಜೋಪಾನವಾಗಿ ಹಿಂದಕ್ಕೆ ತೆಗೆದುಕೊಂಡು ಹೋಗಿದ್ದರು. ಅದು ಅವನಿಗೆ ಈಗ ನೆನಪಾಗಬಾರದಿತ್ತು. ನೆನಪಾದದ್ದಕ್ಕೆ ಟೀಚರ ಮೇಲೆಯೇ ಇನ್ನಷ್ಟು ಸಿಟ್ಟು ಬಂತು.

“ನೀವು ಅವತ್ತು ಹಾಗೆ ಅಂದ ಮೇಲೆ,” ಎಂದರು ಟೀಚರು, ಅವನು ನೆನೆಸಿಕೊಂಡದ್ದು ಹಣೆಯ ಮೇಲೆ ಓದಲು ಸಿಕ್ಕಿತೋ ಎಂಬಂತೆ, “ನಾನು ಕಿವಿ ಡಾಕ್ಟರ ಹತ್ರ ಹೋಗಿದ್ದೆ. ಗಾಜಿನ ಗೂಡಿನಲ್ಲಿ ಕೂರಿಸಿ ಕೀಂ ಕೀಂ ಅಂತ ಏನೇನೋ ಕೇಳಿಸಿದ್ರು. ನನ್ನ ವಯಸ್ಸಿಗೆ ಇಷ್ಟು ಚೆನ್ನಾಗಿ ಕೇಳಿಸೋದು ಅಪರೂಪವಂತೆ.”

ಇದಾದ ಮೇಲೆ ಬರಬೇಕಾದ ಒಂದು ವಾಕ್ಯವನ್ನು ಅವರು ಹೇಳಲಿಲ್ಲ. ಕಾಯ್ದಿಟ್ಟ ಜಾಗದಂತೆ ಆ ವಾಕ್ಯದ ಜಾಗ ಖಾಲಿ ಉಳಿಯಿತು. ಮೇಸ್ತ್ರಿ ಬಾನೆಟ್ಟನ್ನು ಧಡಾರನೆ ಹಾಕಿ, “ಬನ್ನಿ, ಒಂದು ರೌಂಡು ಹೋಗಿಬರೋಣ” ಎಂದು ತಾನೇ ಡ್ರೈವರ್ ಸೀಟಿಗೆ ಹತ್ತಿದ. ಶೆಡ್ಡಿನ ಮೂಲೆಯಲ್ಲಿ ಟಯರು ಕಳಚುತ್ತಿದ್ದ ತಮ್ಮ ಎದ್ದು ನಿಂತು, ಏನೋ ಹೇಳಲು ಹೊರಟವನಂತೆ ಎರಡು ಹೆಜ್ಜೆ ಬಂದು, ಅಲ್ಲೇ ನಿಂತ.

ರಸ್ತೆಯಲ್ಲಿ ಬಿಸಿಲು ಸುಣ್ಣದಂತೆ ಬಿದ್ದಿತ್ತು. ಅವನು ಗೇರು ಏರಿಸಿದ, ಇಳಿಸಿದ, ಕಾಲು ಒತ್ತಿದ, ಬಿಟ್ಟ. “ಈಗ,” ಎನ್ನುವರು ಟೀಚರು. “ಈಗ ನಿಂತಿತು. ಈಗ ಮತ್ತೆ.” ಅವರು ಹೇಳುವುದಕ್ಕೂ ಅವನ ಕಾಲು ಆಡುವುದಕ್ಕೂ ಒಂದು ಲೆಕ್ಕವಿತ್ತು. ಎಂಜಿನ್ನಿನ ವೇಗ ಏರಿದಂತೆ ಸದ್ದು ಏರುತ್ತಿದೆ, ಗಾಡಿಯ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂದರೆ ಚಕ್ರದ್ದಲ್ಲ, ಗೇರಿನದ್ದಲ್ಲ, ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ಯಾವುದೋ ಒಂದು. ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದುದು ಅವನಿಗೆ ತಡವಾಗಿ ತಿಳಿಯಿತು. ಇಲ್ಲದ ಸದ್ದಿಗೆ ಲೆಕ್ಕ ಹೇಗೆ ಬಂತು? ಕಲ್ಪಿಸಿಕೊಂಡು ಹೇಳುವವರು ಹೀಗೆ ತಾಳ ತಪ್ಪದೆ ಹೇಳುವುದಿಲ್ಲ. ಅವನು ಕಿಟಕಿಯ ಗಾಜು ಇಳಿಸಿದ, ಏರಿಸಿದ, ಮತ್ತೆ ಇಳಿಸಿದ. ಕಿವಿಯನ್ನು ಕೈಯಂತೆ ಮುಂದೆ ಚಾಚಲು ಬರುತ್ತಿದ್ದರೆ ಚಾಚುತ್ತಿದ್ದ. ದಪ್ಪ ಗುರುಗುರು ಬಿಟ್ಟು ಬೇರೇನೂ ಇಲ್ಲ. ಕುಕ್ಕರು ಎಷ್ಟು ಸಲ ಕೂಗಿರಬಹುದು? ಪೇಪರಿನಲ್ಲಿ ಮುಳುಗಿದ್ದೇನೂ ಇಲ್ಲ ಎಂಬುದು ಈಗ ಚೆನ್ನಾಗಿ ನೆನಪಾಯಿತು. ಓದಲು ಏನೂ ಇಲ್ಲದೆ ಹಾಳೆ ಮಗುಚುತ್ತ, ಬೇಯುವುದು ಯಾಕೆ ಇಷ್ಟು ತಡ ಎಂದು ಕಾಯುತ್ತ ಕೂತಿದ್ದ.

“ವಾರಕ್ಕೆ ಎಷ್ಟೋ ಸಲ ಅಕ್ಕನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಮೇಸ್ತ್ರಿಯವರೇ,” ಎಂದರು ಟೀಚರು. “ಆ ಉದ್ದನೆ ಸೇತುವೆ ಮೇಲೆ. ಅಲ್ಲಿ ಗಾಡಿ ಕೈಕೊಟ್ರೆ ನಿಲ್ಲಿಸೋಕೂ ಜಾಗ ಇಲ್ಲ. ಅವಳು ಬಿಸಿಲಲ್ಲಿ ಒಂದು ಗಳಿಗೆ ತಡೆಯೋಳಲ್ಲ. ನನಗೆ ಗೀಳು ಅಂತಲೇ ಇಟ್ಕೊಳ್ಳಿ, ಆದ್ರೆ ನಿಮ್ಮ ತಮ್ಮನಿಗೂ ಕೇಳಿಸಿದೆಯಲ್ಲ.”

“ಯಾರಿಗೆ?”

ಟೀಚರು ನಾಲಿಗೆ ಕಚ್ಚಿಕೊಂಡರು. ಅವರು ನಾಲಿಗೆ ಕಚ್ಚಿಕೊಂಡದ್ದನ್ನು ಅವನು ನೋಡಿದ. ಕೇಳಿಸುವುದಕ್ಕಿಂತ ಈಚೆಗೆ ತಾನು ನೋಡುವುದೇ ಹೆಚ್ಚಾಗಿದೆಯೇ?

“ಹೇಳಿ ಟೀಚರ್. ಅರ್ಧಕ್ಕೆ ನಿಲ್ಲಿಸ್ಬೇಡಿ.”

“ಅವತ್ತು ನಾನು ಹೊರಡುವಾಗ ಗೇಟಿನ ಹತ್ರ ಓಡಿ ಬಂದ್ರು. ಟೀಚರ್, ಸದ್ದು ಇರೋದು ನಿಜ, ಅಣ್ಣ ಇಲ್ದಾಗ ಒಂದಿನ ತನ್ನಿ, ನಾನು ಮಾಡ್ಕೊಡ್ತೀನಿ ಅಂದ್ರು. ಕದ್ದು ರಿಪೇರಿ ಮಾಡಿಸೋಕೆ ನಂದೇನು ಕಳ್ಳಮಾಲಲ್ಲ ಅಂತ ಹೇಳಿದೆ. ಅದಕ್ಕೇ ನೀವಿರೋ ಹೊತ್ತು ನೋಡ್ಕೊಂಡು ಬಂದಿದ್ದು.”

ಗಾಡಿ ಯಾವುದೋ ಗೋದಾಮಿನ ಗೋಡೆಯ ಪಕ್ಕ ನಿಂತಿತು. ತಾನೇ ನಿಲ್ಲಿಸಿದ್ದೋ, ಅದೇ ನಿಂತದ್ದೋ ಅವನಿಗೆ ತಿಳಿಯಲಿಲ್ಲ. ಹಿಂದಿನಿಂದ ಯಾರೋ ಹಾರ್ನ್ ಹೊಡೆದು ಬೈದು ಮುಂದೆ ಹೋದರು. ಹಾರ್ನು ಕೇಳಿಸಿತು, ಬೈಗುಳ ಬರೀ ಬಾಯಾಗಿ ಕಂಡಿತು. ಒಂದೊಂದೇ ನೆನಪಾಯಿತು. ದಿನಾ ಸಂಜೆ ಅವನು ಮನೆಗೆ ಹೊರಟರೂ ತಮ್ಮ ‘ಸ್ವಲ್ಪ ಕೆಲಸ ಇದೆ, ನೀನು ನಡಿ ಅಣ್ಣ’ ಎಂದು ಹಿಂದೆ ಉಳಿಯುತ್ತಿದ್ದದ್ದು, ಶ್ರದ್ಧೆ ಬಂತು ಹುಡುಗನಿಗೆ ಎಂದು ಅವನು ಹಿಗ್ಗಿದ್ದು. ಹಿಗ್ಗಿ ಹೆಂಡತಿಗೆ ಹೇಳಿದಾಗ ಅವಳು ಬಟ್ಟೆ ಮಡಿಸುವುದರಲ್ಲಿ ಮುಖ ಬಗ್ಗಿಸಿದ್ದು. ‘ಏನೂ ಇಲ್ಲ, ತಗೊಂಡ್ಹೋಗು’ ಎಂದು ತಾನು ಕಳಿಸಿದ ಟ್ಯಾಕ್ಸಿಯವನು ಮಾರನೇ ದಿನ ಬಂದು, ‘ಭಾರಿ ಸರಿಯಾಯ್ತು’ ಎಂದು ತನಗೆ ಹೇಳುತ್ತ ತಮ್ಮನ ಕಡೆಗೆ ನಕ್ಕದ್ದು. ಇತ್ತೀಚೆಗೆ ಹೆಂಡತಿ ಏನು ಹೇಳಬೇಕಾದರೂ ಎದುರಿಗೇ ಬಂದು ನಿಂತು, ಮುಖಕ್ಕೆ ಮುಖ ಕೊಟ್ಟು ಹೇಳುವುದನ್ನು ಈ ವಯಸ್ಸಿಗೆ ಹೊಸದಾಗಿ ಹುಟ್ಟಿದ ಅಕ್ಕರೆ ಎಂದುಕೊಂಡು ಅವನು ಒಳಗೊಳಗೇ ನಾಚಿದ್ದ. ಎಲ್ಲವೂ ಒಟ್ಟಿಗೆ ತಿರುಗಿ ನಿಂತು ತಂತಮ್ಮ ಇನ್ನೊಂದು ಮುಖವನ್ನು ತೋರಿಸಿದವು. ಕೈ ಹಿಡಿದು ಮೆಟ್ಟಿಲಿಳಿಸುವವರು, ಕೈ ಹಿಡಿದದ್ದು ತಿಳಿಯದಂತೆ ಹಿಡಿದಿದ್ದರು. ಮೋಸ ಮಾಡಿದ್ದರೆ ಹೊಡೆಯಬಹುದಿತ್ತು. ಕರುಣೆಯ ಮೇಲೆ ಕೈ ಎತ್ತುವುದು ಹೇಗೆ?

“ನಾನು ಹೇಳಬಾರದಿತ್ತೇನೋ,” ಎಂದರು ಟೀಚರು.

“ಹೇಳೋದು ಹೇಳಾಯ್ತಲ್ಲ,” ಎಂದ ಒರಟಾಗಿ. ಗಾಡಿ ತಿರುಗಿಸಿದ.

ಶೆಡ್ಡಿಗೆ ಬಂದಾಗ ತಮ್ಮ ಇನ್ನೂ ಅದೇ ಜಾಗದಲ್ಲಿ ನಿಂತಿದ್ದ. ಅಣ್ಣನ ಮುಖ ನೋಡಿದವನೇ ಅವನು ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಮೇಸ್ತ್ರಿ ಅವನ ಕಡೆ ತಿರುಗಲಿಲ್ಲ. ಬಾನೆಟ್ ಎತ್ತಿ, ಎಂಜಿನ್ ಓಡುತ್ತಿದ್ದ ಹಾಗೆಯೇ, ಗೋಡೆಯ ಮೊಳೆಯಿಂದ ಉದ್ದನೆಯ ಮರದ ಹಿಡಿಯ ಸ್ಕ್ರೂಡ್ರೈವರನ್ನು ತೆಗೆದುಕೊಂಡ. ತುದಿಯನ್ನು ಯಂತ್ರಕ್ಕೆ ತಾಗಿಸಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರೆ ಒಳಗಿನದೆಲ್ಲ ಒಳಕ್ಕೇ ಬರುತ್ತದೆ. ಇಷ್ಟು ವರ್ಷ ಅದರ ಅಗತ್ಯ ಅವನಿಗೆ ಬಿದ್ದಿರಲಿಲ್ಲ. ಒತ್ತಿದ. ತಲೆಬುರುಡೆಯ ತುಂಬ ಗುಡುಗು ಬಂತು. ಟೀಚರು ಹೇಳಿದ ಆ ಎಳೆ ಬರಲಿಲ್ಲ. ಜಾಗ ಬದಲಿಸಿ ಒತ್ತಿದ. ಗುಡುಗೇ. ಮೂರು ಜನ ಕೆಲಸದವರು ನೋಡುತ್ತಿದ್ದಾರೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಎಲ್ಲವನ್ನೂ ಎತ್ತಿ ಬಿಸುಟು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸಿತು. ಮನೆಯಲ್ಲೂ ಒಬ್ಬಳು ಎದುರಿಗೆ ಬಂದು ನಿಲ್ಲುವಳಲ್ಲ ಎಂದು ಅದೂ ಬೇಡವಾಯಿತು.

“ಟೀಚರ್, ಇಲ್ಲಿ ಬನ್ನಿ,” ಎಂದ. “ಆ ಕನ್ನಡಕದ ದಾರ ತೆಗೆದಿಡಿ, ಬೆಲ್ಟಿಗೆ ಸಿಕ್ರೆ ಕತ್ತು ಸಮೇತ ಎಳ್ಕೊಳ್ಳುತ್ತೆ. ಹೂಂ. ಹಿಡೀನ ಕಿವಿಗಿಟ್ಕೊಳ್ಳಿ. ಬಗ್ಗಬೇಡಿ, ನಾನು ತುದಿ ಹಿಡೀತೀನಿ. ಎಲ್ಲಿ ಜಾಸ್ತಿ ಕೇಳ್ಸುತ್ತೆ ಅಂತ ಮಾತ್ರ ಹೇಳಿ. ವ್ಯಾಕರಣ ಬೇಡ.”

ಟೀಚರು ಪರೀಕ್ಷೆಗೆ ಕೂತ ಹುಡುಗಿಯಂತೆ ಮರದ ಹಿಡಿಯನ್ನು ಕಿವಿಗಿಟ್ಟುಕೊಂಡರು. ಅವನು ತುದಿಯನ್ನು ಡೈನಮೋದ ಮೇಲಿಟ್ಟ. “ಇಲ್ಲ.” ಪಕ್ಕಕ್ಕೆ ಸರಿಸಿದ. “ಇದೆ, ಆದ್ರೆ ದೂರದಲ್ಲಿ.” ಇನ್ನೂ ಕೆಳಕ್ಕೆ. ಟೀಚರು ಬೆಚ್ಚಿ ಹಿಡಿಯನ್ನು ಕಿವಿಯಿಂದ ಕಿತ್ತರು. “ಇಲ್ಲೇ. ಅಯ್ಯಪ್ಪ, ಇಲ್ಲೇ. ಯಾರೋ ಗಾಜು ಅಗಿದ ಹಾಗಿದೆ.” ತುದಿ ಇದ್ದದ್ದು ವಾಟರ್ ಪಂಪಿನ ಮೈಮೇಲೆ.

ಅವನು ಎಂಜಿನ್ ಆರಿಸಿದ. ಬೆಲ್ಟು ಸಡಿಲಿಸಿ ಕಳಚಿ, ಪಂಪಿನ ಚಕ್ರಕ್ಕೆ ಬೆರಳಿಟ್ಟು ಮೆಲ್ಲಗೆ ತಿರುಗಿಸಿದ. ಎಣ್ಣೆಯಂತೆ ಜಾರಬೇಕಾದದ್ದು ಬೆರಳ ತುದಿಗೆ ಮರಳು ಮರಳಾಗಿ ಸಿಕ್ಕಿತು. ತಿರುಗಿಸಿದಷ್ಟೂ ಮರಳು. ಮೇಲೆ ಕೆಳಗೆ ಆಡಿಸಿದ. ಸಡಿಲವಾದ ಹಲ್ಲಿನ ಹಾಗೆ ಆಡಿತು. ಬೇರಿಂಗು ಸತ್ತು ಬಹಳ ದಿನವಾಗಿದೆ. ಒಂದು ದಿನ ಅದು ಬಿಗಿದು ನಿಲ್ಲುತ್ತದೆ, ಬೆಲ್ಟು ಕಿತ್ತು ಹೋಗುತ್ತದೆ, ನೀರು ಹೊರಕ್ಕೆ ಚಿಮ್ಮಿ ಎಂಜಿನ್ ಕುದಿದು ಹಿಡಿದುಕೊಳ್ಳುತ್ತದೆ. ಸೇತುವೆಯ ನಡುವೆ, ಮುಂದೆ ಗಾಡಿ, ಹಿಂದೆ ಗಾಡಿ, ಪಕ್ಕದ ಸೀಟಿನಲ್ಲಿ ಬಿಸಿಲು ತಡೆಯದ ಅಕ್ಕ. ಅವನು ಬೆರಳನ್ನು ಅಲ್ಲಿಂದ ತೆಗೆಯದೆ ಹಾಗೇ ಇಟ್ಟುಕೊಂಡು ನಿಂತ. ಮನೆಯಲ್ಲಿ ಮಾತಾಡೋರು ಕಮ್ಮಿಯಾದ್ರೆ ಎಂದಿದ್ದು ಈ ಬಾಯಿಯೇ.

“ಇದ್ದದ್ದು ನಿಜ ಟೀಚರ್,” ಎಂದ, ಎಂಜಿನ್ನಿಗೆ ಹೇಳುವವನಂತೆ. “ಗಾಡಿ ಬಿಟ್ಟು ಹೋಗಿ. ಪಂಪು ಬದಲಾಯಿಸ್ದೆ ಕೊಡೋದಿಲ್ಲ. ಅವತ್ತು ನಾನು ಹಾಗೆ ಅನ್ಬಾರ್ದಿತ್ತು.”

“ಅನ್ನಬಾರದಿತ್ತು,” ಎಂದರು ಟೀಚರು.

ಪರವಾಗಿಲ್ಲ ಬಿಡಿ ಎನ್ನುವರೆಂದು ಕಾದ. ಅವರು ಅನ್ನಲಿಲ್ಲ. ಕನ್ನಡಕದ ದಾರವನ್ನು ಕೊರಳಿಗೆ ಹಾಕಿಕೊಂಡು, ಕೈಚೀಲ ತೆಗೆದುಕೊಂಡು, “ಅಕ್ಕನಿಗೆ ಹೇಳ್ತೀನಿ, ನನ್ನ ತಲೆ ನೆಟ್ಟಗಿದೆ ಅಂತ. ಅವಳೂ ಅನುಮಾನ ಪಡ್ತಿದ್ಲು” ಎಂದು ಹೇಳಿ ರಸ್ತೆಗಿಳಿದು ನಡೆದರು. ಬೆನ್ನು ನೆಟ್ಟಗಿತ್ತು. ಎಂಥ ಹೆಂಗಸು, ಒಂದು ಒಳ್ಳೆ ಮಾತಾಡಿ ಹೋದರೆ ಗಂಟು ಹೋಗುತ್ತಿತ್ತೇ ಎಂದು ಅವನಿಗೆ ಸಿಟ್ಟು ಬಂತು; ಸಿಟ್ಟಿನ ಅಡಿಯಲ್ಲಿ, ಅವರು ಹಾಗೆ ಬಿಟ್ಟುಕೊಡದೆ ಹೋದದ್ದು ಬೆಳಗಿನಿಂದ ತನಗೆ ಸಿಕ್ಕ ಮೊದಲ ಮರ್ಯಾದೆ ಎಂಬಂತೆಯೂ ಅನ್ನಿಸಿ ಗೊಂದಲವಾಯಿತು.

ತಮ್ಮ ಹತ್ತಿರ ಬಂದು ಕಳಚಿಟ್ಟ ಬೆಲ್ಟನ್ನು ಕೈಗೆತ್ತಿಕೊಂಡ. ಏನೋ ಹೇಳಿದ. ಮೇಸ್ತ್ರಿಗೆ ತುಟಿ ಆಡಿದ್ದಷ್ಟೇ ಕಂಡಿತು.

“ಜೋರಾಗಿ ಹೇಳು. ಇನ್ನೇನು ಗುಟ್ಟು?”

“ಹೇಳ್ಬೇಕು ಅಂತಿದ್ದೆ ಅಣ್ಣ. ಅತ್ತಿಗೇನೇ ಬೇಡ ಅಂದ್ರು. ಅವ್ರಿಗೆ ಅದೊಂದೇ ಹೆಮ್ಮೆ, ನೋವಾಗ್ದಂಗೆ ನೋಡ್ಕೋ ಅಂದ್ರು.”

“ಇಬ್ಬರೂ ಸೇರಿ ನನ್ನ ಸಾಕ್ತಿದ್ರಿ ಅನ್ನು.”

“ಸಾಕೋದೇನು ಅಣ್ಣ…”

“ಇನ್ನೆಷ್ಟು ಜನಕ್ಕೆ ಗೊತ್ತು?”

ಕೆಲಸದವರು ಒಬ್ಬೊಬ್ಬರಾಗಿ ತಾವು ಕೆಲಸ ಮಾಡುತ್ತಿದ್ದ ಗಾಡಿಗಳ ಕೆಳಗೆ ಜಾರಿದರು. ಅದೇ ಉತ್ತರವಾಯಿತು. ಅಂದರೆ ತಾನು ತಲೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ ನಿಂತಾಗಲೆಲ್ಲ ಇವರು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದುದು ಗೌರವಕ್ಕಲ್ಲ. ಬಯಲಾಟದಲ್ಲಿ ಮಾತು ಮರೆತ ಮುದುಕ ರಾಜನಿಗೆ ಪರದೆಯ ಹಿಂದೆ ನಿಂತವರು ಬಿಗಿಹಿಡಿಯುತ್ತಾರಲ್ಲ, ಹಾಗೆ. ಬಾಯಿಗೆ ಬಂದದ್ದನ್ನೆಲ್ಲ ಬೈಯಬೇಕೆಂದು ತಮ್ಮನ ಮುಖ ನೋಡಿದ. ಆ ಮುಖ ಹೊಡೆತಕ್ಕೆ ಕಾಯುತ್ತಿರುವಂತಿತ್ತು, ಹೊಡೆದರೆ ಹಗುರಾಗುವೆನೆಂಬಂತಿತ್ತು. ಆ ಹೊಡೆತ ಕೊಡಲಿಲ್ಲ. “ಪಂಪು ತರ್ಸು,” ಎಂದಷ್ಟೇ ಹೇಳಿ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದ.

ಊಟದ ಹೊತ್ತು ಮುಗಿಯುವಾಗ ಬ್ರೆಡ್ಡು ಹಂಚುವ ವ್ಯಾನಿನವನು ಬಂದ. ಹಳೆಯ ಗಿರಾಕಿ. ತಮ್ಮ ಆಗ ಶೆಡ್ಡಿನ ಆ ತುದಿಯಲ್ಲಿ ಟಯರಿಗೆ ಗಾಳಿ ತುಂಬುತ್ತಿದ್ದ. ಗಾಳಿ ಯಂತ್ರ ದಡದಡ ಹೊಡೆದುಕೊಳ್ಳುತ್ತಿತ್ತು. “ಏರು ಹತ್ತುವಾಗ ಏನೋ ಸದ್ದು ಮೇಸ್ತ್ರಿ, ನಿಂತಾಗ್ಲೂ ಸ್ವಲ್ಪ ಬರುತ್ತೆ. ನೀವು ಒಂದ್ಸಲ ಕಿವಿಗೊಟ್ರೆ ಸಾಕು” ಎಂದು ವ್ಯಾನಿನವನು ಎಂಜಿನ್ ಮುಚ್ಚಳ ತೆಗೆದು, ಪಕ್ಕಕ್ಕೆ ಸರಿದು, ಕೈಕಟ್ಟಿ ನಿಂತ. ಮೇಸ್ತ್ರಿಯ ತಲೆ ತಾನಾಗಿ ವಾಲಿತು. ಕಣ್ಣು ತಾನಾಗಿ ಅರ್ಧ ಮುಚ್ಚಿತು. ದಪ್ಪನೆಯ ಗುರುಗುರು, ಅದರ ಹಿಂದೆ ಗಾಳಿ ಯಂತ್ರದ ದಡದಡ. ಮೇಲೆ ಏನೂ ಇಲ್ಲ. ‘ಏನೂ ಇಲ್ಲ ಹೋಗಯ್ಯಾ’ ಎಂಬುದು ಬಾಯಲ್ಲಿ ಸಿದ್ಧವಾಗಿತ್ತು. ‘ಬಿಟ್ಟು ಹೋಗು, ಸಂಜೆ ನೋಡೋಣ’ ಎಂಬುದೂ ಅದರ ಬೆನ್ನಿಗೇ ಸಿದ್ಧವಾಗಿತ್ತು. ಅದು ಇನ್ನೂ ಸುಲಭ, ಸಂಜೆ ತಮ್ಮ ಇರುತ್ತಾನೆ, ಎಲ್ಲ ಮೊದಲಿನ ಹಾಗೇ ನಡೆಯುತ್ತದೆ. ಅವನು ಕಣ್ಣು ತೆರೆದ.

“ತಮ್ಮಾ, ಬಾ ಇಲ್ಲಿ,” ಎಂದು ಕೂಗಿದ. “ನನಗೆ ಕೇಳಿಸ್ತಿಲ್ಲ.”

ತಮ್ಮ ತಲೆಯೆತ್ತಿದ. ಯಂತ್ರದ ಗದ್ದಲದಲ್ಲಿ ನಿಜವಾಗಿಯೂ ಕೇಳಿಸಲಿಲ್ಲವೋ, ಕೇಳಿಸಿದ್ದನ್ನು ನಂಬಲಿಲ್ಲವೋ, ಕೈಯನ್ನು ಕಿವಿಯ ಹತ್ತಿರ ತಂದು, “ಏನಣ್ಣ?” ಎಂದ.

ಹಾಳಾದವನೇ, ಒಂದು ಸಲ ಹೇಳುವುದಕ್ಕೇ ಜೀವ ಹೋಗಿದೆ. ಮೇಸ್ತ್ರಿ ಉಸಿರು ಎಳೆದುಕೊಂಡು ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಕಿರುಚಿದ: “ನನಗೆ ಕಿವಿ ಕೇಳಿಸೋದಿಲ್ಲ ಕಣೋ.” ಅದೇ ಗಳಿಗೆಗೆ ಗಾಳಿ ಯಂತ್ರ, ಟ್ಯಾಂಕು ತುಂಬಿ, ತನ್ನಷ್ಟಕ್ಕೆ ನಿಂತಿತು. ಮಾತು ತಗಡಿಗೆ ಬಡಿದು ಶೆಡ್ಡಿನ ನಡುವೆ ನಿಂತುಕೊಂಡಿತು. ಗಾಡಿಗಳ ಕೆಳಗಿನ ಕೈಗಳು ನಿಂತವು. ವ್ಯಾನಿನವನು ಕಟ್ಟಿದ ಕೈಯನ್ನು ಬಿಚ್ಚಿ, ಎಲ್ಲಿಡಬೇಕೆಂದು ತಿಳಿಯದೆ ತನ್ನ ಚಪ್ಪಲಿ ನೋಡಿಕೊಂಡ. ಮೇಸ್ತ್ರಿಯ ಕಿವಿಯ ತುದಿಗಳು ಕೆಂಡವಾದವು. ಅವಕ್ಕೆ ಬಿಸಿಯಾಗುವುದು ಮಾತ್ರ ಚೆನ್ನಾಗಿ ಬರುತ್ತದೆ ಎಂದುಕೊಂಡ.

ತಮ್ಮ ಬಂದ. ಓಡಿ ಬರಲಿಲ್ಲ, ಕೈ ಒರೆಸಿಕೊಳ್ಳುತ್ತ ಕೆಲಸಕ್ಕೆ ಬರುವವನಂತೆ ಬಂದು, ಎಂಜಿನ್ನಿನ ಆ ಕಡೆ ಬಗ್ಗಿ ನಿಂತ. ಸ್ವಲ್ಪ ಹೊತ್ತಾದ ಮೇಲೆ ಮುಖ ಎತ್ತಿ, “ಇದೆ ಅಣ್ಣ. ಟಿಕ್ ಟಿಕ್ ಅಂತಿದೆ” ಎಂದ, ಅಣ್ಣನಿಗೆ ತಲುಪುವಷ್ಟು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ.

“ಬರೀ ಟಿಕ್ ಟಿಕ್ ಅಂದ್ರೆ ನಾನು ಏನಂತ ತಿಳ್ಕೊಳ್ಳಲಿ? ಮೇಲಿಂದಾನೋ, ಕೆಳಗಿಂದಾನೋ? ಬಿಸಿಯಾದ್ಮೇಲೆ ಹೆಚ್ಚಾಗುತ್ತೋ ಕಮ್ಮಿಯಾಗುತ್ತೋ? ಸರಿಯಾಗಿ ಕೇಳಿ ಹೇಳೋ.”

ತಮ್ಮ ಮತ್ತೆ ಬಗ್ಗಿದ. ಮೇಸ್ತ್ರಿ ಅವನ ಮುಖದ ಮೇಲೆ ಕಣ್ಣಿಟ್ಟು, ಸಿಡಿಮಿಡಿಗೊಳ್ಳುತ್ತ, ಕಾದ.